ಯಾವ ಕೊಟ್ರೇಶ?

ಫೋನಿನಲ್ಲಿ ಯಾರಾದರೂ ಬರೀ ಹೆಸರು ಹೇಳಿ ಸುಮ್ಮನಾದರೆ ನನಗೆ ತಡೆಯಲಾಗುವುದಿಲ್ಲ. ಯಾವ ಮಂಜುನಾಥ, ಯಾವ ಊರು, ಏನು ಕೆಲಸ, ಯಾರ ಪೈಕಿ ಎಂದು ಕೇಳುತ್ತಲೇ ಹೋಗುತ್ತೇನೆ. ಮೊನ್ನೆ ಗ್ಯಾಸ್ ಅಂಗಡಿಯಿಂದ ಫೋನ್ ಮಾಡಿದವನೊಬ್ಬ ನನ್ನ ಪ್ರಶ್ನೆಗಳಿಗೆ ಬೇಸತ್ತು, "ಸಿಲಿಂಡರ್ ಬೇಕೋ ಬ್ಯಾಡೋ ಅಷ್ಟು ಹೇಳ್ರಿ" ಎಂದ. ಪಕ್ಕದಲ್ಲಿ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ, "ಜನಗಣತಿಯೋರೂ ಇಷ್ಟು ಕೇಳಂಗಿಲ್ಲ ಬಿಡ್ರಿ" ಎಂದು ನಕ್ಕಳು. ನಾನೂ ನಕ್ಕೆ. ಅಂಗೈಯ ಬೆವರನ್ನು ಲುಂಗಿಗೆ ಒರೆಸಿಕೊಂಡದ್ದು ಅವಳಿಗೆ ಕಾಣಲಿಲ್ಲ.

ಹೋದ ವರ್ಷ ಕೊಂಡ ನನ್ನ ಮೊಬೈಲಿನಲ್ಲಿ ಹನ್ನೊಂದು ಜನ ಕೊಟ್ರೇಶರಿದ್ದಾರೆ. ನೀವು ನಮ್ಮ ಕಡೆಯವರಾಗಿದ್ದರೆ, ಹನ್ನೊಂದೇ ಏನು ಎಂದು ಕೇಳುತ್ತೀರಿ. ಅಲ್ಲದಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು. ಕೊಟ್ಟೂರಿನ ಸುತ್ತ, ಈ ಕಡೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಆ ಕಡೆ ಹರಪನಹಳ್ಳಿ, ಹಡಗಲಿಯವರೆಗೆ, ಮಕ್ಕಳಾಗಲಿಲ್ಲವೆಂದರೆ ಕೊಟ್ಟೂರೇಶ್ವರನಿಗೆ ಹರಕೆ ಹೊರುತ್ತಾರೆ. ಆದ ಮಗುವಿಗೆ ಜ್ವರ ಬಂದರೆ ಇನ್ನೊಂದು ಹರಕೆ. ತೀರಿಸಲು ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಹೆಸರಿಡುವುದು. ಗಂಡಾದರೆ ಕೊಟ್ರೇಶ, ಹೆಣ್ಣಾದರೆ ಕೊಟ್ರಮ್ಮ. ಅಣ್ಣತಮ್ಮಂದಿರಿಬ್ಬರೂ ಬೇರೆ ಬೇರೆ ವರ್ಷ ಹರಕೆ ಹೊತ್ತು ಒಂದೇ ಮನೆಯಲ್ಲಿ ಇಬ್ಬರು ಕೊಟ್ರೇಶರನ್ನು ಸಾಕಿದ್ದನ್ನೂ ನಾನು ಕಂಡಿದ್ದೇನೆ.

ನಾನು ಓದಿದ ಶಾಲೆಯಲ್ಲಿ ಮಾಸ್ತರು ಹಾಜರಿ ಕರೆಯುವಾಗ ಒಂದನೇ ಕೊಟ್ರೇಶ, ಎರಡನೇ ಕೊಟ್ರೇಶ ಎಂದು ಐದರವರೆಗೆ ಎಣಿಸುತ್ತಿದ್ದರು. ಎರಡನೇ ಕೊಟ್ರೇಶ ಪ್ರತಿ ಪರೀಕ್ಷೆಯಲ್ಲೂ ಮೊದಲನೆಯವನಾಗಿ ಬರುತ್ತಿದ್ದ. ಆದರೂ ಹತ್ತನೇ ತರಗತಿ ಮುಗಿಯುವತನಕ ಅವನು ಎರಡನೆಯವನೇ. ನನ್ನ ಅಪ್ಪನಿಗೆ ಯಾಕೋ ಆಧುನಿಕತೆಯ ಹುಕಿ ಬಂದು ನನಗೆ ಸತೀಶ ಎಂದು ಹೆಸರಿಟ್ಟ. ಇಡೀ ಓಣಿಗೆ ಒಬ್ಬನೇ ಸತೀಶ. ಹಾಗಾಗಿ ನನಗೆ ಅಡ್ಡಹೆಸರು ಬೀಳಲಿಲ್ಲ. ಚಿಕ್ಕಂದಿನಲ್ಲಿ ಇದು ದೊಡ್ಡ ಅವಮಾನವೆಂದೇ ಅನ್ನಿಸುತ್ತಿತ್ತು. ಯಾಕೆಂದರೆ ನಮ್ಮಲ್ಲಿ ನಿಜವಾದ ಹೆಸರು ಅಡ್ಡಹೆಸರೇ. ಸಂಜೆ ಯಾವುದಾದರೂ ಅಜ್ಜಿ ಕಟ್ಟೆಯ ಮೇಲೆ ನಿಂತು "ಕೊಟ್ರಾ" ಎಂದು ಕೂಗಿದರೆ ಓಣಿಯಲ್ಲಿ ಒಬ್ಬನೂ ತಿರುಗಿ ನೋಡುತ್ತಿರಲಿಲ್ಲ. ತನ್ನನ್ನಲ್ಲ ಎಂದು ಪ್ರತಿಯೊಬ್ಬ ಕೊಟ್ರೇಶನೂ ನಂಬಿಕೊಂಡಿರುತ್ತಿದ್ದ. ಅಜ್ಜಿ ಮುಂದುವರಿದು "ಲೇ ಬೆಲ್ಲದ ಕೊಟ್ರಾ" ಎಂದರೆ ಮಾತ್ರ ಒಂದು ತಲೆ ಮೇಲೇಳುತ್ತಿತ್ತು.

ಹರಪನಹಳ್ಳಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದಾಗ ನನ್ನ ಹತ್ತಿರ ಕೆಲಸವಿರಲಿಲ್ಲ, ಅಭಿಪ್ರಾಯಗಳು ಬೇಕಾದಷ್ಟಿದ್ದವು. ಅದರಲ್ಲೊಂದು, ಅಡ್ಡಹೆಸರು ಮನುಷ್ಯನಿಗೆ ಮಾಡುವ ಅವಮಾನ ಎಂಬುದು. ಎತ್ತರವಿಲ್ಲದವನನ್ನು ಗಿಡ್ಡ ಎಂದು ಕರೆಯುವುದು, ಕಾಲು ಊನವಾದವನನ್ನು ಕುಂಟ ಎನ್ನುವುದು, ಇದೆಲ್ಲ ಎಂಥ ಸಂಸ್ಕೃತಿ ಎಂದು ಚಹಾದಂಗಡಿಯಲ್ಲಿ ಕುಳಿತು ಭಾಷಣ ಮಾಡುತ್ತಿದ್ದೆ. ಕೇಳುವವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಆಗಲೇ ನಮ್ಮ ಓಣಿಯ ಯುವಕ ಸಂಘದವರಿಗೆ ಒಂದು ಹೊಳೆಯಿತು. ನಮ್ಮ ಸೀಮೆಯಲ್ಲಿ ಬೇರೆ ಬೇರೆ ವಿದ್ಯೆಯಲ್ಲಿ ಹೆಸರು ಮಾಡಿದ ನಾಲ್ವರು ಕೊಟ್ರೇಶರಿದ್ದಾರೆ. ನಾಲ್ವರನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿ ಸನ್ಮಾನ ಮಾಡಿದರೆ ಹೇಗೆ? ಬಿ.ಎ. ಆಗಿದ್ದರಿಂದ ನಾನೇ ಕಾರ್ಯದರ್ಶಿ.

ಮೊದಲನೆಯವರು ನಮ್ಮೂರಿನ ಪೆಟ್ಟಿಗಿ ಕೊಟ್ರೇಶ. ಬಯಲಾಟ, ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವರು. ಅವರ ಪೆಟ್ಟಿಗೆ ಬಂದಿದೆ ಎಂದರೆ ಪಾತ್ರಧಾರಿಗಳು ಮಾತು ಮರೆತರೂ ಜನ ಏಳುತ್ತಿರಲಿಲ್ಲ. ಎರಡನೆಯವರು ಹಗರಿಬೊಮ್ಮನಹಳ್ಳಿಯ ಡಾಕ್ಟರು, ಸೂಜಿ ಕೊಟ್ರೇಶ. ಮೂರನೆಯವರು ಚಿಗಟೇರಿ ಕಡೆಯ ಕಬಡ್ಡಿ ಆಟಗಾರ. ಹಿಡಿದ ಕಾಲನ್ನು ಬಿಡದ್ದಕ್ಕೆ ಮೊಸಳಿ ಕೊಟ್ರೇಶ. ನಾಲ್ಕನೆಯವರು ಹಡಗಲಿಯ ಗಣಿತದ ಮೇಷ್ಟ್ರು. ಅವರ ಶಿಷ್ಯರಲ್ಲಿ ಎಷ್ಟೋ ಜನ ಎಂಜಿನಿಯರಾದರು, ಉಳಿದವರು ಅವರಿಗೆ ಸೊನ್ನಿ ಕೊಟ್ರೇಶ ಎಂದು ಹೆಸರಿಟ್ಟರು.

ಆಮಂತ್ರಣ ಪತ್ರಿಕೆಯಲ್ಲಿ ನಾನು ನನ್ನ ಸುಧಾರಣೆಯನ್ನು ಜಾರಿಗೆ ತಂದೆ. ಪೆಟ್ಟಿಗಿ, ಸೂಜಿ, ಮೊಸಳಿ, ಸೊನ್ನಿ ಎಲ್ಲವನ್ನೂ ತೆಗೆದುಹಾಕಿ, ಒಂದರ ಕೆಳಗೊಂದರಂತೆ ನಾಲ್ಕು ಸಲ "ಶ್ರೀ ಕೊಟ್ರೇಶ್" ಎಂದು ಅಚ್ಚು ಹಾಕಿಸಿದೆ. ಗುರುತಿಗೆ ಇನಿಶಿಯಲ್ ಮಾತ್ರ. ಕಾರ್ಡು ಹಿಡಿದು ಹಾರ್ಮೋನಿಯಂ ಮಾಸ್ತರರ ಮನೆಗೆ ಹೋದಾಗ ಅವರು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದರಾಗ ನಾನು ಎಲ್ಲಿ ಅದೀನಪಾ?"

"ಮೂರನೇದು ನೀವೇ ಸರ್. ಎಚ್. ಕೊಟ್ರೇಶ್."

"ಎಚ್. ಕೊಟ್ರೇಶ್ ಅಂದ್ರ ನನ್ನ ಹೆಂಡ್ತಿಗೂ ಗುರುತು ಸಿಗಂಗಿಲ್ಲ. ಪೆಟ್ಟಿಗಿ ಅಂತ ಹಾಕಿದ್ರ ನಿಂದೇನು ಗಂಟು ಹೋಗ್ತಿತ್ತು?"

"ಅದು ಗೌರವ ಅಲ್ಲ ಸರ್."

"ಪೆಟ್ಟಿಗಿ ನುಡಿಸೀನಿ, ಪೆಟ್ಟಿಗಿ ಅಂತಾರ. ಕದ್ದಿದ್ರ ಕಳ್ಳ ಅಂತಿದ್ರು." ಕಾರ್ಡನ್ನು ಗೋಡೆಯ ಗೂಡಿನಲ್ಲಿಟ್ಟು ಕೇಳಿದರು. "ಅದಿರಲಿ, ನಮ್ಮ ಉಗ್ಗನ್ನ ಕರದೀರೋ ಇಲ್ಲೋ?"

ಉಗ್ಗ ಕೊಟ್ರೇಶ ಎಂದರೆ ನಮ್ಮ ಓಣಿಯ ಲೈನ್‌ಮನ್. ಮಾತು ಉಗ್ಗುತ್ತಿತ್ತು, ಅದಕ್ಕೆ ಆ ಹೆಸರು. ಕಂಬ ಹತ್ತಿದರೆ ಮಾತ್ರ ಅವರಲ್ಲಿ ಎಲ್ಲಿಯೂ ತಡವರಿಕೆಯಿರುತ್ತಿರಲಿಲ್ಲ. ಗಾಳಿಮಳೆಯಲ್ಲಿ ಯಾವ ಕಂಬದ ಯಾವ ತಂತಿ ಹೋಗಿರಬಹುದೆಂದು ಮನೆಯಲ್ಲಿ ಕೂತೇ ಹೇಳುವವರು.

"ಇದು ಸಾಧಕರ ಸನ್ಮಾನ ಸರ್," ಎಂದೆ.

"ಅವ ಬರದಿದ್ರ ನಿಮ್ಮ ಸಾಧಕರು ಕತ್ತಲಾಗ ಕುಂದರ್ತಾರ, ನೋಡು."

ಮುಂದಿನ ವರ್ಷ ನೋಡೋಣ ಎಂದು ಹೇಳಿ ಎದ್ದು ಬಂದೆ.

ಕಾರ್ಯಕ್ರಮ ಒಂದು ಭಾನುವಾರ ಸಂಜೆ ನಾಲ್ಕಕ್ಕೆ. ಮಧ್ಯಾಹ್ನ ಎರಡೂವರೆಗೆ ಶಾಲೆಯ ಸಭಾಂಗಣದಲ್ಲಿ ಮೈಕ್ ಪರೀಕ್ಷೆ ಮಾಡುತ್ತಿದ್ದಾಗ ಕರೆಂಟು ಹೋಯಿತು. ಕೋತಿಗಳು ಜಿಗಿದಾಡಿ ಶಾಲೆಯ ಮುಂದಿನ ಕಂಬದ ಮೇಲೆ ತಂತಿಯ ಒಂದು ಜೋಡಣೆ ಕಿತ್ತುಹೋಗಿತ್ತು. ಬೇರೆ ಓಣಿಗಳಿಗೆ ಕರೆಂಟು ಇತ್ತು, ನಮಗಷ್ಟೇ ಇಲ್ಲ. ನಾನು ಸೈಕಲ್ ಹತ್ತಿ ಲೈನ್‌ಮನ್ ಕೊಟ್ರೇಶರ ಮನೆಗೆ ಓಡಿದೆ. ಅವರು ರೊಟ್ಟಿ ಉಣ್ಣುತ್ತಿದ್ದರು. ನನ್ನ ಮುಖ ನೋಡಿ ಅರ್ಧಕ್ಕೇ ಕೈ ತೊಳೆದರು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಲೈನ್‌ಮನ್ ಕಂಬ ಹತ್ತುವ ಮುನ್ನ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಆ ಲೈನನ್ನು ಬಂದ್ ಮಾಡಿಸಬೇಕು. ಕೆಲಸ ಮುಗಿಸಿ ಇಳಿದ ಮೇಲೆ, ಬಂದ್ ಮಾಡಿಸಿದವನೇ ತಿಳಿಸಬೇಕು, ಇನ್ನು ಬಿಡ್ರಿ ಎಂದು. ಅವನು ಹೇಳದೆ ಆಪರೇಟರ್ ಲೈನ್ ಬಿಡುವಂತಿಲ್ಲ. ಕಂಬದ ಮೇಲಿನವನ ಜೀವ ಈ ಎರಡು ಮಾತುಗಳ ನಡುವೆ ಇರುತ್ತದೆ. ನಿಯಮದ ಪ್ರಕಾರ ಲೈನ್‌ಮನ್ನೇ ಮಾತಾಡಬೇಕು. ಆದರೆ ಕೊಟ್ರೇಶರಿಗೆ ಫೋನೆಂದರೆ ಮಾತು ಪೂರ್ತಿ ಕಟ್ಟಿಬಿಡುತ್ತಿತ್ತು. ಆದ್ದರಿಂದ ಅವರ ಪರವಾಗಿ ಯಾವಾಗಲೂ ಶಾಲೆಯ ಎದುರಿನ ಚಹಾದಂಗಡಿಯ ಮಾಲೀಕ ಮಾತಾಡುತ್ತಿದ್ದ. ಅಂಗಡಿಯಲ್ಲಿ ಫೋನಿತ್ತು. "ಹಲೋ, ನಮ್ಮ ಉಗ್ಗ ಕೊಟ್ರನಿಗೆ ಊರ ಲೈನ್ ಬಂದ್ ಮಾಡ್ರಿ," ಇಷ್ಟೇ. ಎಷ್ಟೋ ವರ್ಷಗಳಿಂದ ಹೀಗೇ ನಡೆದಿತ್ತು.

ಆವತ್ತು ನಾವಿಬ್ಬರೂ ಅಂಗಡಿಗೆ ಬಂದಾಗ ಅವನು ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದ. ಕೊಟ್ರೇಶ ನನ್ನ ಕಡೆ ನೋಡಿ, "ತ... ತಮ್ಮಾ, ಫೋ... ಫೋನು ನೀನ ಮಾಡು" ಎಂದರು. ನನಗೆ ಒಳಗೊಳಗೇ ಹೆಮ್ಮೆ. ನಂಬರ್ ತಿರುಗಿಸಿದೆ.

"ಲೈನ್‌ಮನ್ ಕೊಟ್ರೇಶ್ ಅವರು ಕಂಬ ಹತ್ತುತ್ತಿದ್ದಾರೆ. ಊರ ಲೈನು ಬಂದ್ ಮಾಡಿ."

"ಯಾವ ಕೊಟ್ರೇಶ?" ಎಂದು ಆಪರೇಟರ್ ಕೇಳಿದ.

ಕೇಳಲೇಬೇಕಿತ್ತು. ಆ ಕಚೇರಿಯಲ್ಲಿ ಇಬ್ಬರು ಲೈನ್‌ಮನ್ ಕೊಟ್ರೇಶರಿದ್ದರು. ಇನ್ನೊಬ್ಬ ಗಿಡ್ಡ ಕೊಟ್ರೇಶ. ಅವನು ಬೆಳಿಗ್ಗೆಯೇ ಪಂಪ್‌ಸೆಟ್ಟುಗಳ ಲೈನು ಬಂದ್ ಮಾಡಿಸಿ ಹೊಲದ ಕಡೆ ಕೆಲಸಕ್ಕೆ ಹೋಗಿದ್ದ. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಪಕ್ಕದಲ್ಲೇ ಆ ಮನುಷ್ಯ ನಿಂತಿದ್ದಾರೆ, ಅವರೆದುರು ಅವರನ್ನು ಉಗ್ಗ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

"ಲೈನ್‌ಮನ್ ಕೊಟ್ರೇಶ್ ಅವರು ಅಂದೆನಲ್ಲ," ಎಂದೆ, ಸ್ವಲ್ಪ ಗಡುಸಾಗಿಯೇ.

"ಹಂಗಾ. ಆತು ಬಿಡ್ರಿ."

ಆಪರೇಟರ್ ಅದನ್ನು ಗಿಡ್ಡ ಕೊಟ್ರೇಶನ ಲೆಕ್ಕಕ್ಕೆ ಸೇರಿಸಿಕೊಂಡ. ಬೆಳಿಗ್ಗೆಯಿಂದ ಕೆಲಸದ ಮೇಲಿದ್ದವನು ಅವನೇ, ಈಗ ಊರೊಳಗೆ ಬಂದು ಇನ್ನೊಂದು ಲೈನ್ ಹಿಡಿದಿದ್ದಾನೆ ಅಂದುಕೊಂಡ. ಉಗ್ಗನಾಗಿದ್ದರೆ ಉಗ್ಗ ಎಂದೇ ಹೇಳುತ್ತಿದ್ದರಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಕಂಬದ ಬುಡಕ್ಕೆ ಬಂದಾಗ ಕೊಟ್ರೇಶ ಚೀಲದೊಳಗೆ ಕೈಹಾಕಿ ಹುಡುಕಿದರು. ತಂತಿಗೆ ಒಂದು ಸರಪಳಿ ಎಸೆದು ನೆಲಕ್ಕೆ ತಾಗಿಸಿದ ಮೇಲೆಯೇ ಹತ್ತುವುದು ಅವರ ರೂಢಿ. ಅಕಸ್ಮಾತ್ ಕರೆಂಟು ಬಂದರೆ ಸರಪಳಿಯ ಮೂಲಕ ನೆಲಕ್ಕೆ ಹೋಗುತ್ತದೆ. ಇಬ್ಬರೂ ಹಂಚಿಕೊಂಡು ಬಳಸುತ್ತಿದ್ದ ಸರಪಳಿ ಅದು, ಆವತ್ತು ಗಿಡ್ಡ ಒಯ್ದಿದ್ದ.

"ಸ... ಸರಪಳಿ ಇಲ್ಲ. ಆಫೀಸಿಗೆ ಹೋ... ಹೋಗಿ ಇನ್ನೊಂದು ತ..."

"ಕೊಟ್ರೇಶ್ ಅವರೇ, ಹೊತ್ತಾಗ್ತದೆ. ಡಾಕ್ಟರು ಆಗಲೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದಾರಂತೆ."

ಅವರು ಒಂದು ಕ್ಷಣ ಕಂಬವನ್ನು ನೋಡಿದರು, ಆಮೇಲೆ ಸಭಾಂಗಣದ ಬಾಗಿಲಿಗೆ ಕಟ್ಟಿದ್ದ ಬ್ಯಾನರನ್ನು ನೋಡಿದರು. ನಾಲ್ಕು ಸಲ ಅವರದೇ ಹೆಸರಿತ್ತು, ಒಂದೂ ಅವರದಲ್ಲ. ಹಗ್ಗವನ್ನು ಸೊಂಟಕ್ಕೆ ಬಿಗಿದು ಹತ್ತಿದರು.

ನಾನು ಕೆಳಗೆ ನಿಂತಿದ್ದೆ. ಹಾರ್ಮೋನಿಯಂ ಮಾಸ್ತರರು ಬೇಗ ಬಂದವರು ನನ್ನ ಪಕ್ಕ ನಿಂತು ಎಲೆಯಡಿಕೆ ಹಾಕುತ್ತಿದ್ದರು. ಎರಡು ಓಣಿ ಆಚೆಯ ಹಿಟ್ಟಿನ ಗಿರಣಿ ಊರ ಲೈನಿನದೇ. ನಾನು ಫೋನ್ ಮಾಡಿದಾಗ ಅದು ನಿಂತಿತ್ತು. ಸುಮಾರು ಇಪ್ಪತ್ತು ನಿಮಿಷದ ಮೇಲೆ ಗಿಡ್ಡ ಕೊಟ್ರೇಶ ಹೊಲದ ಕೆಲಸ ಮುಗಿಸಿ ನೇರ ಸಬ್‌ಸ್ಟೇಷನ್ನಿಗೆ ಹೋಗಿ, "ಎಲ್ಲಾ ಮುಗೀತ್ರಿ, ಬಿಡ್ರಿ" ಎಂದ. ಅವನ ಮಟ್ಟಿಗೆ ಎಲ್ಲವೆಂದರೆ ಒಂದು ಲೈನು. ಆಪರೇಟರ್ ಎರಡನ್ನೂ ಬಿಟ್ಟ.

ಗಿರಣಿ ಶುರುವಾದ ಸದ್ದು ಮೊದಲು ನನಗೇ ಕೇಳಿಸಿತು. ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ಬರವಣಿಗೆ ನಿಲ್ಲುತ್ತದೆ. ಬೆಲ್ಟು ಒಮ್ಮೆ ಕೀಚೆಂದು, ಆಮೇಲೆ ಟುಕು ಟುಕು ಎಂದು ವೇಗ ಹಿಡಿಯಿತು. ತಲೆ ಎತ್ತಿ ನೋಡಿದೆ. ಕೊಟ್ರೇಶರ ಬಲಗೈ ಇಕ್ಕಳ ಹಿಡಿದು ತಂತಿಯ ಕಡೆ ಹೊರಟಿತ್ತು. ಅವಸರವಿಲ್ಲದೆ, ಅನ್ನದ ತಟ್ಟೆಗೆ ಕೈ ಹೋಗುವಷ್ಟು ಸಹಜವಾಗಿ.

"ಕೊಟ್ರೇಶ್ ಅವರೇ," ಎಂದು ಕಿರುಚಿದೆ.

ಅವರು ತಿರುಗಲಿಲ್ಲ. ಅವರಿಗೆ ಕೇಳಿಸಿತ್ತು, ಅದು ನನಗೆ ಖಾತ್ರಿ. ಆದರೆ ಸಭಾಂಗಣದ ತುಂಬ ಅವತ್ತು ಕೊಟ್ರೇಶ್ ಅವರೇ ತುಂಬಿದ್ದರು. ತನ್ನನ್ನಲ್ಲ ಎಂದುಕೊಂಡರು. ಜೀವಮಾನದಲ್ಲಿ ಅವರನ್ನು ಹಾಗೆ ಕರೆದವನು ನಾನೊಬ್ಬನೇ. ಇನ್ನೊಮ್ಮೆ ಅದನ್ನೇ ಕೂಗಿದೆ. ಬಾಯಿಗೆ ಬೇರೆ ಏನೂ ಬರಲಿಲ್ಲ.

ಪಕ್ಕದಲ್ಲಿ ಮಾಸ್ತರರು ಬಾಯೊಳಗಿನ ಎಲೆಯಡಿಕೆಯನ್ನು ಉಗುಳಿ ಕೂಗಿದರು. "ಲೇ ಉಗ್ಗಾ, ಕೈ ತಗಿಲೇ."

ತಕ್ಷಣ ಕೈ ಹಿಂದಕ್ಕೆ ಬಂತು. ಅಷ್ಟರಲ್ಲಿ ನೀಲಿಯಾಗಿ ಒಂದು ಹೊಳಪು, ಗೋಣಿಚೀಲ ಹರಿದಂಥ ಸದ್ದು. ಇಕ್ಕಳ ನನ್ನ ಕಾಲ ಬುಡದಲ್ಲಿ ಬಿತ್ತು. ಕೊಟ್ರೇಶ ಸೊಂಟದ ಹಗ್ಗದಲ್ಲಿ ಜೋತುಬಿದ್ದರು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಚಹಾದಂಗಡಿಯವನು ಫೋನಿನಲ್ಲಿ ಕೆಟ್ಟ ಬೈಗುಳ ಬೈದು ಲೈನ್ ಬಂದ್ ಮಾಡಿಸಿದ. ಸನ್ಮಾನಕ್ಕೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ ಕಬಡ್ಡಿ ಆಟಗಾರ ಕಂಬ ಹತ್ತಿ ಅವರನ್ನು ಹೆಗಲ ಮೇಲೆ ಇಳಿಸಿಕೊಂಡು ಬಂದ. ಡಾಕ್ಟರು ವೇದಿಕೆಯ ಜಮಖಾನದ ಮೇಲೆ ಮಲಗಿಸಿ ಎದೆ ಒತ್ತಿ ಒತ್ತಿ ಉಸಿರು ತಂದರು. ಗಣಿತದ ಮೇಷ್ಟ್ರು ಒಂದು ಜೀಪು ಹಿಡಿದು ತಂದು ದಾವಣಗೆರೆಗೆ ಕರೆದೊಯ್ದರು. ನಾನು ಮೈಕಿನ ವೈರು ಸುತ್ತುತ್ತಿದ್ದೆನಂತೆ. ಯಾರೋ ನನ್ನ ಕೈಯಿಂದ ಅದನ್ನು ಬಿಡಿಸಿದರು.

ತಂತಿಯನ್ನು ಹಿಡಿದಿದ್ದರೆ ಆಸ್ಪತ್ರೆಯ ಮಾತೇ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಜೀವ ಉಳಿಯಿತು. ಬಲಗೈ ಮುಂಗೈವರೆಗೆ ಹೋಯಿತು. ನಾನು ಈಗಲೂ ಲೆಕ್ಕ ಹಾಕುತ್ತೇನೆ: ನನ್ನ ಎರಡು ಕೂಗಿಗೆ ಎಷ್ಟು ಹೊತ್ತು ಹಿಡಿಯಿತು? ಮೊದಲೇ ಮಾಸ್ತರರ ಹಾಗೆ ಕೂಗಿದ್ದರೆ ಕೈ ಎಲ್ಲಿರುತ್ತಿತ್ತು? ಸ್ನಾನದ ಮನೆಯಲ್ಲಿ ಒಬ್ಬನೇ ಇದ್ದಾಗ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಆ ಎರಡು ಅಕ್ಷರವನ್ನು ತುಟಿಯೊಳಗೇ ಹೇಳಿ ನೋಡುತ್ತೇನೆ. ಸುಲಭವಾಗಿ ಬರುತ್ತದೆ.

ಮೂರು ತಿಂಗಳ ಮೇಲೆ ವಿಚಾರಣೆ. ತಪ್ಪು ಯಾರದೆಂದು ಬರೆಯುತ್ತಾರೋ ಅದರ ಮೇಲೆ ಕೊಟ್ರೇಶರ ಪರಿಹಾರ ನಿಂತಿತ್ತು. ಮೇಲಿನಿಂದ ಬಂದ ಅಧಿಕಾರಿ ಕಚೇರಿಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದರು. ಒಂದು ಬದಿ ಆಪರೇಟರ್, ಇನ್ನೊಂದು ಬದಿ ಕೊಟ್ರೇಶ, ಪ್ರತ್ಯಕ್ಷ ಸಾಕ್ಷಿಯೆಂದು ನಾನು. ಒಂದು ವಾರದ ಹಿಂದೆಯಷ್ಟೇ ಸರ್ಕಾರಿ ಕೆಲಸದ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಹೊರಗಿನವನೊಬ್ಬ ಫೋನ್ ಮಾಡಿ ಲೈನ್ ಬಂದ್ ಮಾಡಿಸಿದ್ದು ಗೊತ್ತಾದರೆ ಪೊಲೀಸರು ಬರುತ್ತಾರೆ ಎಂದು ಅಪ್ಪ ಬೆಳಿಗ್ಗೆ ಹೇಳಿ ಕಳಿಸಿದ್ದ. ನಿಜ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಹೋಗಿದ್ದೆ.

"ಯಾವ ಕೊಟ್ರೇಶ ಅಂತ ಕೇಳಿದೆ ಸಾರ್, ನಂಗ ಸರಿಯಾಗಿ ತಿಳೀಲಿಲ್ಲ," ಎಂದ ಆಪರೇಟರ್.

ಅಧಿಕಾರಿ ಕೊಟ್ರೇಶರ ಕಡೆ ತಿರುಗಿದರು. "ಫೋನ್ ಮಾಡಿದ್ದು ಯಾರು?"

ಕೊಟ್ರೇಶ ಬಾಯಿ ತೆರೆದರು. "ಫೋ... ಫೋನು... ನಾ... ನಾ..."

ಕುತ್ತಿಗೆಯ ನರ ಬಿಗಿಯಿತು. ಮಾತು ಹೊರಬರಲು ಇನ್ನೊಂದು ಅರ್ಧ ನಿಮಿಷ ಬೇಕಿತ್ತು. ಅಧಿಕಾರಿಗೆ ಅಷ್ಟು ಪುರುಸೊತ್ತಿರಲಿಲ್ಲ.

"ನೀವೇ ಮಾಡಿದ್ದಾ? ಸರಿ."

ಕೊಟ್ರೇಶ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಆ ಮಾತು ಎಲ್ಲಿಗೆ ಹೋಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಕಂಬದ ಮೇಲಿನಿಂದ, ಕೆಳಗಿನವನು ಏನಾದರೂ ಎಟುಕಿಸುತ್ತಾನೋ ಎಂದು ನೋಡುವ ಹಾಗೆ. ನಾನು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ನೋಡುತ್ತಿದ್ದೆ. ಆಮೇಲೆ ಅವರು ಹೌದೆಂದು ತಲೆಯಾಡಿಸಿದರು. ಆಪರೇಟರ್ ಉಸಿರು ಬಿಟ್ಟದ್ದು ಕೇಳಿಸಿತು. ಅವನಿಗೂ ಅದು ಅನುಕೂಲವಾಗಿತ್ತು.

ಅಧಿಕಾರಿ ಗಟ್ಟಿಯಾಗಿ ಹೇಳುತ್ತ ಹೋದರು, ಗುಮಾಸ್ತ ಬರೆದುಕೊಂಡ. ಲೈನ್‌ಮನ್ ದೂರವಾಣಿಯಲ್ಲಿ ಅಸ್ಪಷ್ಟವಾಗಿ ಮಾತಾಡಿದ್ದರಿಂದ ಈ ಅವಘಡ ಸಂಭವಿಸಿರುತ್ತದೆ. ಬರೆದಾದ ಮೇಲೆ ನನ್ನನ್ನು ಕೇಳಿದರು. "ನೀವು ಅಲ್ಲೇ ಇದ್ದಿರಲ್ಲ. ಇದು ಸರಿ ತಾನೇ?"

"ಸರಿ ಸಾರ್," ಎಂದೆ. ಎಲ್ಲಿಯೂ ತಡವರಿಸಲಿಲ್ಲ.

ಪೂರ್ತಿ ಹೆಸರು ಬರೆದು, ಮುಂದೆ ಬಿ.ಎ. ಎಂದು ಸೇರಿಸಿ, ಕೆಳಗೆ ಸಹಿ ಹಾಕಿದೆ. ನನ್ನ ನಂತರ ಕೊಟ್ರೇಶರ ಸರದಿ. ಎಡಗೈಯಲ್ಲಿ ಬರೆಯಲು ಅವರಿನ್ನೂ ಕಲಿತಿರಲಿಲ್ಲ. ಗುಮಾಸ್ತ ಶಾಯಿಯ ಪ್ಯಾಡನ್ನು ಮುಂದೆ ತಳ್ಳಿದ. ಅವರು ಎಡ ಹೆಬ್ಬೆರಳನ್ನು ಅದ್ದಿದರು, ಆದರೆ ಒತ್ತುವಾಗ ಕಾಗದ ಮೇಜಿನ ಮೇಲೆ ಜಾರತೊಡಗಿತು. ಹಿಡಿದುಕೊಳ್ಳಲು ಅವರಿಗೆ ಇನ್ನೊಂದು ಕೈ ಇರಲಿಲ್ಲ. ನಾನು ಹಿಡಿದುಕೊಂಡೆ.